ಲೆಕ್ಕಕ್ಕಿಲ್ಲದ ಈಡು

ರಮಾನಂದ ನಾಯ್ಕನ ಹತ್ತಿರ ರೈಫಲ್ ಇತ್ತು, ತೋಟೆ ಇರಲಿಲ್ಲ.

ರೈಫಲ್ ಅವನ ಅಪ್ಪನ ಕಾಲದ್ದು. ಕಾಡಿನ ಸರ್ವೆಗೆ ಬಂದಿದ್ದ ಬಿಳಿ ಸಾಹೇಬನೊಬ್ಬ ಸೀಮೆಗೆ ಮರಳುವಾಗ ಅದನ್ನು ತನ್ನ ಶಿಕಾರಿಯ ಜೊತೆಗಾರನಿಗೆ ಕೊಟ್ಟು ಲೈಸೆನ್ಸನ್ನೂ ಮಾಡಿಸಿಕೊಟ್ಟಿದ್ದ. ಸಲಕ್ಕೆ ಒಂದೇ ತೋಟೆ ಹಿಡಿಯುವ, ಉದ್ದ ನಳಿಗೆಯ ಕೋವಿ. ತೋಟೆ ಮುಂಬಯಿಯಿಂದ ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಮೊದಲು ತಡವಾಗಿ ಬಂತು, ಆಮೇಲೆ ಬರಲೇ ಇಲ್ಲ. ಮನೆಯಲ್ಲಿ ಉಳಿದದ್ದು ಸುಟ್ಟ ತೋಟೆಗಳ ಹಿತ್ತಾಳೆ ಬುರುಡೆಗಳು. ಅಪ್ಪ ಅವನ್ನು ಎಸೆಯದೆ ಡಬ್ಬಿಯಲ್ಲಿಟ್ಟು ಸತ್ತಿದ್ದ.

ಅವುಗಳಿಗೆ ತಾನೇ ಮದ್ದು ತುಂಬುತ್ತೇನೆಂದು ರಮಾನಂದ ಹೊರಟದ್ದು ನಲವತ್ತನಾಲ್ಕರ ಮಳೆಗಾಲದಲ್ಲಿ. ಕಾರಣ ಹಂದಿ. ಅಘನಾಶಿನಿ ಹೊಳೆಯ ಬದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ, ಕಗ್ಗ ಭತ್ತ ಒಂದೇ ಬೆಳೆಯುತ್ತದೆ. ಅಲ್ಲಿಯ ಕೆಸರಿಗೆ ಮನುಷ್ಯ ಇಳಿದರೆ ಸೊಂಟದವರೆಗೆ ಹೂತುಹೋಗುತ್ತಾನೆ. ಹಂದಿಗಳು ಹೊಳೆಯ ಕಟ್ಟೆಯ ಮೇಲೆ ನಡೆದು ಬಂದು, ತಿಂದು, ಅದೇ ದಾರಿಯಲ್ಲಿ ಹೋಗುತ್ತಿದ್ದವು. ಈಚೆ ದಿಬ್ಬದಿಂದ ಆ ಕಟ್ಟೆಗೆ ಸಾದಾ ಕೋವಿಯ ಗುಂಡು ಮುಟ್ಟುವುದಿಲ್ಲ. ರೈಫಲಿನದ್ದು ಮುಟ್ಟುತ್ತದೆ, ಆದರೆ ಈಡು, ಅಂದರೆ ತೋಟೆಗೆ ತುಂಬುವ ಮದ್ದುಗುಂಡು, ಹದವಾಗಿರಬೇಕು. ಅಕ್ಕಿಗೆ ರೇಶನ್ ಬಂದ ವರ್ಷ ಅದು. ಏಳು ಮನೆಯವರು ಆ ಗಜನಿಯನ್ನೇ ನಂಬಿಕೊಂಡಿದ್ದರು.

ಅವನು ಸಾಮಾನು ಹೊಂದಿಸಿದ. ಮದ್ದಿಗೆ ಕಿಡಿ ಕೊಡುವ ಕೇಪು ಭಟ್ಕಳದ ಸಾಹುಕಾರರೊಬ್ಬರ ಹಳೇ ದಾಸ್ತಾನಿನದ್ದು. ಮದ್ದು ಹೊನ್ನಾವರದಲ್ಲಿ ತೇರಿಗೆ ಗರ್ನಾಲು ಪಟಾಕಿ ಕಟ್ಟುವವನ ಕೈಯದ್ದು. ಅದನ್ನು ಪಂಚೆಯ ಬಟ್ಟೆಯಲ್ಲಿ ಜರಡಿ ಹಿಡಿದು ಒಂದೇ ಗಾತ್ರದ ಕಾಳು ಮಾತ್ರ ಇಟ್ಟುಕೊಂಡ. ಸೀಸ ಹರಿದ ಬೀಸುಬಲೆಗಳ ಅಂಚಿನಿಂದ ಬಿಚ್ಚಿದ್ದು. ತೂಗುವುದಕ್ಕೆ ಕುಮಟೆಯ ಸೊನಗಾರನಿಂದ ಚಿನ್ನದ ತಕ್ಕಡಿ ತಂದ. ತೂಕದ ಕಲ್ಲಿನ ಬದಲು ಗುಲಗಂಜಿ. ಗುಲಗಂಜಿಯಲ್ಲೂ ಸಣ್ಣದು ದೊಡ್ಡದು ಇರುತ್ತದೆಂದು ಅವನ್ನೂ ಒಂದಕ್ಕೊಂದು ತೂಗಿ ಸಮ ಇದ್ದವನ್ನು ಆರಿಸಿದ.

"ಹೆಣ್ಣು ನೋಡೂಕೆ ಹೊಂಟ್ಯೇನಾ? ತಕ್ಕಡಿ ತಂದಿ," ಎಂದಳು ತಾಯಿ ಗಂಗಿ.

"ಮದ್ದು ತೂಗೂಕೆ, ಅಬ್ಬೆ."

"ಆ ಮಸಿ ತೂಗೂಕೆ ಸೊನಗಾರನ ತಕ್ಕಡಿ. ನಿನ್ನಪ್ಪ ಸಾದಾ ಕೋವಿಗೆ ಹಿಡೀಲಿ ಸುರೀತಿದ್ದ, ಹಂದಿ ಬೀಳ್ತಿತ್ತು."

"ಅಪ್ಪ ಹತ್ತಿರ ಹೋಗಿ ಹೊಡೀತಿದ್ದ. ಇದು ಮುನ್ನೂರು ಗಜ."

ಧಾರೇಶ್ವರದ ಕಡಲ ದಂಡೆಯಲ್ಲಿ ಅಷ್ಟೇ ದೂರ ಹಗ್ಗ ಹಿಡಿದು ಅಳೆದು, ಮರಳ ದಿನ್ನೆಗೆ ಒರಗಿಸಿ ಹಲಸಿನ ಹಲಗೆ ನಿಲ್ಲಿಸಿ ಪರೀಕ್ಷೆ ಮಾಡಿದ. ಒಂದು ತೂಕದಲ್ಲಿ ಗುಂಡುಗಳು ಹಲಗೆ ತುಂಬ ಚೆದುರಿದವು. ಗುಲಗಂಜಿ ಒಂದು ಏರಿಸಿದ, ಒಂದು ಇಳಿಸಿದ. ಗುಂಡಿನ ಬುಡಕ್ಕೆ ರಟ್ಟಿನ ಬಿಲ್ಲೆ ಕೊಟ್ಟ, ಮೈಗೆ ಜೇನುಮೇಣ ಸವರಿದ. ಕೊನೆಗೆ ಒಂದು ಹದದಲ್ಲಿ ನಾಲ್ಕು ಗುಂಡು ಒಂದು ಅಂಗೈ ಮುಚ್ಚುವಷ್ಟು ಜಾಗಕ್ಕೆ ಬಿದ್ದವು. ಮರುದಿನ ಬೇರೆ ಹಲಗೆ ನಿಲ್ಲಿಸಿ ಹೊಡೆದಾಗಲೂ ಹಾಗೇ ಆಯಿತು. ಅವನಿಗೆ ಕುಣಿಯಬೇಕೆನಿಸಿತು.

ಆದರೆ ಪ್ರತಿ ದಿನದ ಮೊದಲ ಗುಂಡು ಮೇಲೆ ಹೋಗುತ್ತಿತ್ತು. ಮಿಕ್ಕವುಗಳಿಗಿಂತ ಒಂದು ಮೊಳ ಮೇಲೆ. ಹಿಂದಿನ ಸಂಜೆ ಬಿಸಿನೀರು ಹೊಯ್ದು ತೊಳೆದು ಎಣ್ಣೆ ಹಚ್ಚಿಟ್ಟ ನಳಿಗೆಯಿಂದ ಹೊರಡುವ ಮೊದಲ ಈಡು ಅದು. ಒಂದು ಈಡು ಹಾರಿ ನಳಿಗೆಗೆ ಮಸಿ ಹಿಡಿದ ಮೇಲೆಯೇ ಲೆಕ್ಕ ಕೂಡಿ ಬರುತ್ತಿತ್ತು. ತೊಳೆಯದೆ ಬಿಟ್ಟರೆ ಈ ಕಡಲ ಗಾಳಿಗೆ ಒಂದೇ ರಾತ್ರಿಯಲ್ಲಿ ತುಕ್ಕು. ಅವನು ಇದನ್ನೆಲ್ಲ ನೋಡಿದ, ಅರ್ಥವನ್ನೂ ಮಾಡಿಕೊಂಡ. ಆಮೇಲೆ, ಮೊದಲನೆಯದು ಲೆಕ್ಕಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆ ಎರಡನೇ ಹಲಗೆಯನ್ನು ಊರಿಗೆ ಹೊತ್ತು ತರುವ ಮೊದಲು ಮೇಲಿನ ತೂತಿಗೆ ಜೇನುಮೇಣದಲ್ಲಿ ಮರದ ಪುಡಿ ಕಲಸಿ ತುಂಬಿದ. ಹೆಬ್ಬೆರಳಿನಲ್ಲಿ ಒತ್ತಿ ಸಮ ಮಾಡಿದ. ಯಾರೂ ಕೇಳಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಕೈ ತಾನಾಗಿ ಮಾಡಿದ ಕೆಲಸವೆಂದು ಆಮೇಲೆ ಅಂದುಕೊಳ್ಳಬಹುದಿತ್ತು, ಆದರೆ ಪುಡಿಗಾಗಿ ಅವನು ಬಡಗಿಯ ಕೊಟ್ಟಿಗೆಯವರೆಗೆ ನಡೆದು ಹೋಗಿದ್ದ.

ಹಲಗೆ ವಿಘ್ನೇಶ್ವರ ಶಾನಭಾಗರ ಅಂಗಡಿಯ ಜಗಲಿಯಲ್ಲಿ ನಿಂತಿತು. ಗಜನಿಯ ಏಳು ಮನೆಯವರೂ ಬಂದು ನೋಡಿದರು. ಅವರಲ್ಲಿ ಹಿರಿಯನಾದ ಮಾಸ್ತಿ ಗೌಡ ನಾಲ್ಕು ತೂತಿನ ಮೇಲೆ ಅಂಗೈ ಇಟ್ಟ. ಮುಚ್ಚಿಹೋಯಿತು.

"ಮುನ್ನೂರು ಗಜದಿಂದಾ?"

"ಮುನ್ನೂರು."

"ಇವ ನಮ್ಮೂರಲ್ಲಿ ಎಂತಕ್ಕಿದ್ದ?" ಎಂದರು ಶಾನಭಾಗರು. "ಬರ್ಮಾಕ್ಕೆ ಕಳಿಸಿ. ಯುದ್ಧ ಮುಗೀತದೆ, ನಂಗೆ ಸೀಮೆಎಣ್ಣೆ ಬತ್ತದೆ."

ಎಲ್ಲರೂ ನಕ್ಕರು. ಮಾಸ್ತಿಯ ಬೆರಳು ಮೇಲೆ ಸರಿದು ಮೇಣದ ಮೇಲೆ ನಿಂತಿತು. "ಇದೆಂತದು, ನಾಯ್ಕ್ರೆ?"

"ಹುಳ ತಿಂದದ್ದು. ಹಳೇ ಹಲಗೆ."

"ಹಲಸಿಗೂ ಹುಳ ಬತ್ತದೆ ಈಗ," ಎಂದ ಮಾಸ್ತಿ, ಬೆರಳು ತೆಗೆದ.

ರಮಾನಂದ ಕೇಳಿದ್ದು ಒಂದೇ. ಗಜನಿಯ ಕಾವಲು ನಿಲ್ಲಿಸಬೇಕು. ಸರದಿಯ ಮೇಲೆ ಮನೆಗೊಬ್ಬರು ಮಾಳದ ಅಟ್ಟಣೆಯಲ್ಲಿ ಕೂತು ಡಬ್ಬಿ ಬಡಿದು ಹಾಡು ಹೇಳುವ ಪದ್ಧತಿ ಅದು. ಸದ್ದು ನಿಂತರೆ ಹಂದಿಗಳು ಹೆದರಿಕೆ ಬಿಟ್ಟು ಬೆಳಕಾಗುವವರೆಗೂ ಕಟ್ಟೆಯ ಮೇಲೆ ಇರುತ್ತವೆ. ದೊಡ್ಡ ಗಂಡನ್ನು ಕೆಡವಿದರೆ ಹಿಂಡು ಈ ಕಡೆ ಮತ್ತೆ ಬರುವುದಿಲ್ಲ.

"ಅಷ್ಟ್ರವರೆಗೆ ತಿಂದದ್ದು?" ಎಂದಳು ಮಾಸ್ತಿಯ ಹೆಂಡತಿ ಲಕ್ಕಿ. ಕೊರಳ ತುಂಬ ಮಣಿಸರ, ಸೊಂಟದಲ್ಲಿ ಬಳಚು ಎಂಬ ಚಿಪ್ಪುಮೀನಿನ ಬುಟ್ಟಿ. ಹೊಳೆಯಲ್ಲಿ ಚಿಪ್ಪು ಹೆಕ್ಕಿ ಬರುವ ದಾರಿಯಲ್ಲಿ ನಿಂತಿದ್ದಳು.

"ಸ್ವಲ್ಪ ಹೋತದೆ. ಮುಂದಿಂದು ಉಳೀತದೆ."

ಮಾಸ್ತಿ ಹಲಗೆಯನ್ನು ಇನ್ನೊಮ್ಮೆ ನೋಡಿ, "ಆತು," ಎಂದ. ಅವನು ಆತು ಎಂದ ಮೇಲೆ ಉಳಿದ ಆರು ಮನೆಯವರೂ ಒಪ್ಪಿದರು.

ನವರಾತ್ರಿ ಬಂತು. ಮಹಾನವಮಿಗೆ ಕತ್ತಿ, ನೇಗಿಲು, ಹಾರೆ ಎಲ್ಲ ತೊಳೆದು ಅಂಗಳದಲ್ಲಿಟ್ಟರು. ಗಂಗಿ ರೈಫಲನ್ನು ನಡುವೆ ಇಟ್ಟಳು. ತೆಂಗಿನೆಣ್ಣೆಯನ್ನು ಒಳಗೂ ಹೊರಗೂ ಧಾರಾಳವಾಗಿ ಹೊಯ್ದಳು, ಅರಿಶಿನ ಕುಂಕುಮ ಹಚ್ಚಿ ಬಾಯಿಗೆ ದಾಸವಾಳ ಸಿಕ್ಕಿಸಿದಳು. ಪೂಜೆಯ ಎಣ್ಣೆಯನ್ನು ಆ ಮನೆಯಲ್ಲಿ ಯಾರೂ ಒರೆಸುವುದಿಲ್ಲ. ಅದು ಕೆಲಸದಲ್ಲಿ ತಾನಾಗಿ ಸವೆದುಹೋಗಬೇಕು. ರಮಾನಂದನೂ ಒರೆಸಲಿಲ್ಲ. ಕೈಮುಗಿದು, ಹೂವು ತೆಗೆದು, ಗೂಟಕ್ಕೆ ತೂಗುಹಾಕಿದ. ಹಂದಿಗೆ ಹೊಂಚು ಕೂರುವ ದಿನ ನಸುಕಿಗೆ ಮೊದಲೇ ಕಡಲ ದಂಡೆಗೆ ಹೋಗಿ ಒಂದು ಈಡು ಹಾರಿಸಿ ಬರಬಹುದಿತ್ತು. ಹಾಗೆ ಹೋದರೆ ಯಾಕೆಂದು ಮಾಸ್ತಿ ಕೇಳುತ್ತಾನೆ. ಕೇಳಿದರೆ ಮೊದಲ ತೂತಿನ ಮಾತು ಬರುತ್ತದೆ. ಹೋಗಲಿಲ್ಲ.

ಡಬ್ಬಿಯ ಸದ್ದಿಲ್ಲದ ಗಜನಿಗೆ ಹಂದಿಗಳು ದಿನವೂ ಬಂದವು. ಮೊದಮೊದಲು ಬೆಳಕಾಗುವ ಮೊದಲೇ ಹೋಗುತ್ತಿದ್ದವು. ಹುಣ್ಣಿಮೆ ಹತ್ತಿರ ಬರುವಾಗ ಧೈರ್ಯ ಬಂದು ಸೂರ್ಯ ಕಾಣುವವರೆಗೂ ನಿಂತವು. ಕದಿರು ಕಟ್ಟಿದ ಭತ್ತ ಚಾಪೆ ಹಾಸಿದಂತೆ ಬಿದ್ದಿತ್ತು. ಯಾರೂ ರಮಾನಂದನನ್ನು ಬಯ್ಯಲಿಲ್ಲ. ಎದುರು ಸಿಕ್ಕಿದವರು, ಇವತ್ತಾ, ನಾಳೆಯಾ ಎಂದಷ್ಟೇ ಕೇಳಿದರು.

ಹುಣ್ಣಿಮೆಯ ಬೆಳಿಗ್ಗೆ ರಮಾನಂದ ದಿಬ್ಬದ ಮೇಲೆ ಬೋರಲಾಗಿ ಮಲಗಿ, ಅಕ್ಕಿಮುಡಿಯ ಹುಲ್ಲಿನ ಮೇಲೆ ನಳಿಗೆ ಇಟ್ಟಿದ್ದ. ಪಕ್ಕದಲ್ಲಿ ಮಾಸ್ತಿ. ಆಚೆ ಕಟ್ಟೆಯ ಮೇಲೆ ದೊಡ್ಡ ಗಂಡು ಅಡ್ಡ ನಿಂತಿತ್ತು. ಗಾಳಿ ಇರಲಿಲ್ಲ.

"ನಾಯ್ಕ್ರೆ," ಎಂದ ಮಾಸ್ತಿ ಪಿಸುದನಿಯಲ್ಲಿ. "ಇಳಿತ ಇದೆ. ಕಟ್ಟೆ ಆಚೆ ಹೆಂಗಸ್ರು ಬಳಚಿಗೆ ಇಳಿದಿರ್ತ್ರು."

"ಕಟ್ಟೆ ಎತ್ತರ ಇದೆ. ತಪ್ಪಿದ್ರೂ ಮಣ್ಣಿಗೆ ಹೋತದೆ."

"ತಪ್ಪೂದಿಲ್ವಲ್ಲ?"

"ಹಲಗೆ ನೋಡಿದ್ಯಲ್ಲ ನೀನು."

"ನೋಡಿದ್ದೆ," ಎಂದ ಮಾಸ್ತಿ.

ಆ ಕ್ಷಣದಲ್ಲಿ ರಮಾನಂದನಿಗೆ ಎಲ್ಲ ಗೊತ್ತಿತ್ತು. ನಳಿಗೆಯಲ್ಲಿ ಎಣ್ಣೆ ಇದೆ, ಇದು ಮೊದಲ ಈಡು, ಗುಂಡು ಒಂದು ಮೊಳ ಮೇಲೆ ಹೋಗುತ್ತದೆ. ಹಂದಿಯ ಕಾಲಿಗೆ ಗುರಿ ಇಟ್ಟರೆ ಸಾಕಾಗಿತ್ತು. ಮಾಸ್ತಿ ನಳಿಗೆಯ ಉದ್ದಕ್ಕೂ ನೋಡುತ್ತಿದ್ದ. ಕಾಲಿಗೆ ಯಾಕೆ ಎಂದು ಅವನು ಕೇಳಿಯಾನು ಎಂಬ ಒಂದೇ ಕಾರಣಕ್ಕೆ ರಮಾನಂದ ಭುಜಕ್ಕೆ ಗುರಿ ಇಟ್ಟ, ಕುದುರೆ ಎಳೆದ.

ಹೊಗೆ ಸರಿದಾಗ ಹಂದಿ ನಿಂತ ಜಾಗ ಖಾಲಿ ಇತ್ತು. ಹಿಂಡು ಕಟ್ಟೆಯ ಮೇಲೆ ಬಡಗು ದಿಕ್ಕಿಗೆ ಓಡುತ್ತಿತ್ತು, ದೊಡ್ಡ ಗಂಡು ಎಲ್ಲಕ್ಕಿಂತ ಮುಂದೆ. ಕಟ್ಟೆಯ ಆಚೆಯಿಂದ ಹೆಂಗಸರ ಕೂಗು ಬಂತು. ಅದರಲ್ಲಿ ತನ್ನ ಹೆಂಡತಿಯ ದನಿ ಮಾಸ್ತಿಗೆ ಕೂಡಲೇ ತಿಳಿಯಿತು. ಸುತ್ತಿ ಹೋಗುವ ದಾರಿ ಬಿಟ್ಟು ಕೆಸರಿಗೇ ಇಳಿದ. ಸೊಂಟದವರೆಗೆ ಹೂತು, ಕೈಯಲ್ಲಿ ಭತ್ತದ ಬುಡ ಹಿಡಿದು ಎಳೆದುಕೊಳ್ಳುತ್ತ ಹೋದ. ರಮಾನಂದ ಕಟ್ಟೆಯ ಮೇಲೆ ಸುತ್ತಿ ಓಡಿದ. ಅವನ ಕಾಲು ಒದ್ದೆಯಾಗಲಿಲ್ಲ.

ಲಕ್ಕಿ ತುಂಬಿದ ಬುಟ್ಟಿಯನ್ನು ತಲೆಗೆ ಏರಿಸಿ ಎಡಗೈಯಲ್ಲಿ ಅಂಚು ಹಿಡಿದು ನಿಂತಿದ್ದಳಂತೆ. ಗುಂಡು ಕಟ್ಟೆಯ ನೆತ್ತಿ ದಾಟಿ ಬುಟ್ಟಿಯನ್ನೂ ಕೈಯನ್ನೂ ಹರಿದುಕೊಂಡು ಹೋಗಿತ್ತು. ಸೀರೆಯ ಸೆರಗು ಸುತ್ತಿ ದೋಣಿಯಲ್ಲಿ ಹಾಕಿ ಕುಮಟೆಯ ಆಸ್ಪತ್ರೆಗೆ ಕರೆದೊಯ್ದರು.

"ಹೇಗಾಯ್ತು?" ಎಂದರು ಡಾಕ್ಟರು.

ರಮಾನಂದ ಬಾಗಿಲ ಹತ್ತಿರ ನಿಂತಿದ್ದ. ಬಾಯಿ ತೆರೆದ.

"ಕತ್ತಿ ತಾಗ್ತು," ಎಂದ ಮಾಸ್ತಿ. "ಬಳಚು ಒಡೆಯೂಕೆ ಹೋಗಿ."

ಡಾಕ್ಟರು ಗಾಯ ನೋಡಿದರು, ಮಾಸ್ತಿಯನ್ನು ನೋಡಿದರು, ಸೂಜಿ ಎತ್ತಿಕೊಂಡು ಹೊಲಿದರು. ರಮಾನಂದ ಬಾಯಿ ಮುಚ್ಚಿದ. ಸಮಾಧಾನವೇ ಆಯಿತು ಅವನಿಗೆ, ಅದು ಅವನಿಗೇ ತಿಳಿಯಿತು.

ಹೊರಗೆ ಜಗಲಿಯಲ್ಲಿ ಮಾಸ್ತಿ ಬೀಡಿ ಹಚ್ಚಿದ. ಮೈಮೇಲಿನ ಕೆಸರು ಒಣಗಿ ಬಿರಿದಿತ್ತು.

"ಪೊಲೀಸ್ರು ಕೋವಿ ತಕಂಡೋದ್ರೆ ಬರೂ ವರ್ಷ ಹಂದಿಗೆ ಎಂತ ಮಾಡೂದು? ಅದ್ಕೆ ಹೇಳ್ದೆ," ಎಂದ. ಬೀಡಿಯ ಬೂದಿ ಕೊಡವಿ, "ಮದ್ದು ಹೆಚ್ಚಾತಾ, ನಾಯ್ಕ್ರೆ?" ಎಂದು ಕೇಳಿದ.

ಹೇಳುವುದಾದರೆ ಅದೇ ಹೊತ್ತು. ರಮಾನಂದ ಬೀಡಿಯ ಕೆಂಡ ನೋಡಿದ.

"ಹೌದು ಕಾಣ್ತದೆ," ಎಂದ. "ಗರ್ನಾಲಿನವ್ನ ಮದ್ದು. ಒಂದೊಂದು ಸಲ ಹಾಗೆ."

ಮಾಸ್ತಿ ತಲೆ ಆಡಿಸಿದ. ಗುಲಗಂಜಿಯನ್ನೂ ತೂಗಿ ಆರಿಸಿದ ಮನುಷ್ಯ ಹಾಗೆ ಹೇಳಿದ್ದನ್ನು ಅವನು ನಂಬಿದ.

ಕೊಯ್ಲಿಗೆ ಕೆಲವು ದಿನ ಇರುವಾಗ ಲಕ್ಕಿ ಅಂಗಡಿಗೆ ಬಂದಳು, ಬೆಲ್ಲಕ್ಕೆ. ರಮಾನಂದ ಜಗಲಿಯಲ್ಲೇ ಕೂತಿದ್ದ. ಎದ್ದು ಹೋಗಲು ದಾರಿ ಇರಲಿಲ್ಲ, ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಎಡಗೈಗೆ ಇನ್ನೂ ಬಟ್ಟೆ ಸುತ್ತಿತ್ತು. ಗೋಡೆಗೊರಗಿದ ಹಲಗೆಯನ್ನು ನೋಡುತ್ತ ನಿಂತಳು. ಬಿಸಿಲು ಅದರ ಮೇಲೆ ಬಿದ್ದು ಮೇಣ ಮಿದುವಾಗಿ ಒಳಗೆ ಕುಸಿದಿತ್ತು. ಲಕ್ಕಿ ಬಲಗೈಯ ಉಗುರಿನಿಂದ ಕೆರೆದಳು. ಮೇಣ ಒಂದೇ ತುಂಡಾಗಿ ಎದ್ದು ಬಂತು. ತೂತಿನ ಅಂಚಿಗೆ ಸೀಸದ ಬೂದು ಬಳೆ ಇತ್ತು, ಉಳಿದ ನಾಲ್ಕಕ್ಕೂ ಇದ್ದಂಥದ್ದೇ. ಅದರಲ್ಲಿ ಬೆರಳು ಹಾಕಿದಳು. ಆಮೇಲೆ ಕೆಳಗಿನ ಒಂದರಲ್ಲಿ ಹಾಕಿದಳು. ಬೆರಳಿಗೆ ಎರಡೂ ಒಂದೇ ಅಳತೆ.

"ನಾಯ್ಕ್ರೆ," ಎಂದಳು, "ಈ ಹುಳಕ್ಕೆ ಹಲ್ಲು ಸೀಸದ್ದಾ?"

ತಕ್ಕಡಿ ಹಿಡಿದಿದ್ದ ಶಾನಭಾಗರ ಕೈ ನಿಂತಿತು. ರಮಾನಂದ ಜಗಲಿಯ ಸೆಗಣಿ ನೆಲ ನೋಡುತ್ತ ಕೂತ. ಲಕ್ಕಿ ಉತ್ತರಕ್ಕೆ ಕಾದಳು, ನಿಜವಾಗಿಯೂ ಕಾದಳು. ಅವಳು ಮೇಣದ ತುಂಡನ್ನು ಅವನ ಪಕ್ಕದಲ್ಲಿ ನೆಲದ ಮೇಲಿಟ್ಟು, ಬೆಲ್ಲದ ಪೊಟ್ಟಣವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿದು ಹೋದಳು.

ಮಾರನೇ ದಿನದಿಂದ ಮಾಸ್ತಿ ಅವನನ್ನು ಮಾತಾಡಿಸಲಿಲ್ಲ. ಪೊಲೀಸರಿಗೂ ಹೇಳಲಿಲ್ಲ. ಮಾಳದಲ್ಲಿ ಮತ್ತೆ ಡಬ್ಬಿ ಬಡಿದರು, ಉಳಿದದ್ದನ್ನು ಕಾಯಲು.

ಆ ವರ್ಷ ಹೋದದ್ದು ಇಷ್ಟು: ಏಳು ಮನೆಯ ಭತ್ತದಲ್ಲಿ ಅರ್ಧ, ಒಂದು ಬುಟ್ಟಿ ಬಳಚು, ಲಕ್ಕಿಯ ಎಡಗೈಯ ಎರಡು ಬೆರಳು.