ಬಿಸಿ ಹಿಡಿದವನ ದಾರಿ

"ಇದು ನಮ್ಮ ಹಡಗು, ಇದು ಅವರ ಬೋಟು," ಎಂದು ಜಯಪ್ರಕಾಶ ಇಡ್ಲಿ ತಟ್ಟೆ ಸರಿಸಿ ಎರಡು ಲೋಟಗಳನ್ನು ಮೇಜಿನ ಮೇಲಿಟ್ಟ. ಎದುರಿಗೆ ಕೂತ ಅಪ್ಪ ವಿಷ್ಣುಮೂರ್ತಿ ಕನ್ನಡಕ ಏರಿಸಿ ನೋಡಿದರು. ಬಂದರಿನ ಬಳಿ, ಪ್ಯಾರೀಸ್ ಕಾರ್ನರಿನ ಅವರ ಹೋಟೆಲಿನಲ್ಲಿ ಬೆಳಗಿನ ಗದ್ದಲ ಇನ್ನೂ ಇಳಿದಿರಲಿಲ್ಲ.

"ಅವರು ನಮ್ಮ ಎಡಗಡೆಯಿಂದ ಬಂದದ್ದು ಅಪ್ಪಯ್ಯ. ಅಡ್ಡ ಬರುವಾಗ ಯಾರಿಗೆ ಇನ್ನೊಬ್ಬ ಬಲಗಡೆ ಕಾಣ್ತಾನೋ ಅವನೇ ದಾರಿ ಬಿಡಬೇಕು. ನಾವು ದಿಕ್ಕು, ವೇಗ ಎರಡೂ ಬದಲಿಸದೆ ಹೋಗ್ಬೇಕು. ಕಾನೂನೇ ಹಾಗೆ."

"ಮತ್ತೆ ಅವರೆಂತಕ್ಕೆ ಬಿಡಲಿಲ್ಲ?"

"ಗೊತ್ತಿಲ್ಲ. ಹಾರ್ನ್ ಹಾಕಿದೆ."

ಜಯಪ್ರಕಾಶ ನಡೆಸುತ್ತಿದ್ದ ಹಡಗು ಬಡಿದು ಬೋಟು ಒಡೆದು ಮುಳುಗಿತ್ತು. ಕಾಸಿಮೇಡಿನ ಮೀನುಗಾರನೊಬ್ಬ ಸಿಕ್ಕಿರಲೇ ಇಲ್ಲ. ಇವತ್ತು ವಿಚಾರಣೆ. ಬೋಟು ಕಂಡದ್ದೇ ಕೊನೇ ಗಳಿಗೆಯಲ್ಲಿ ಎನ್ನಬೇಕು, ಇಲ್ಲದಿದ್ದರೆ ಲೈಸೆನ್ಸ್ ಹೋದಂತೆಯೇ ಎಂದು ವಕೀಲರು ಬಾಯಿಪಾಠ ಮಾಡಿಸಿದ್ದರು. ಕಂಡದ್ದು ಬಹಳ ಮೊದಲೇ. ಈಗ ತಿರುಗುತ್ತಾರೆ, ಈಗ ತಿರುಗುತ್ತಾರೆ ಎಂದು ಕಾದಿದ್ದ. ಎದುರಿನವನು ಬಿಡದೇ ಹೋದರೆ ದಾರಿಯಿದ್ದವನೂ ತಿರುಗಲೇಬೇಕು ಎಂಬ ಮಾತೂ ಅದೇ ಕಾನೂನಿನಲ್ಲಿದೆ. ಅಂದಿನಿಂದ ಅವನಿಗೆ ಅಳುವೂ ಇಲ್ಲ, ಹೆದರಿಕೆಯೂ ಇಲ್ಲ. ಮರಗಟ್ಟಿಹೋಗಿದ್ದ, ಪಾಪ.

"ಕಾಫಿ ತರ್ತೇನೆ, ಕುಡ್ಕೊಂಡು ಹೋಗು," ಎಂದು ವಿಷ್ಣುಮೂರ್ತಿ ಎದ್ದರು.

ಮೇಜುಗಳ ನಡುವಿನ ಆ ಕಿರುದಾರಿಗೆ ಒಂದೇ ಕಟ್ಟಳೆ: ಬಿಸಿ ಹಿಡಿದವನಿಗೆ ದಾರಿ. ‘ಬಿಸಿ’ ಎಂಬ ಕೂಗು ಕೇಳಿದರೆ ಕೈ ಖಾಲಿ ಇದ್ದವನು, ಯಜಮಾನನೇ ಆಗಲಿ, ಗೋಡೆಗೆ ಅಂಟಿಕೊಳ್ಳಬೇಕು. ಜಯಪ್ರಕಾಶ ನಡೆಯಲು ಕಲಿತದ್ದೇ ಈ ಕೂಗಿಗೆ ಸರಿಯುತ್ತ.

ಕೈ ತೊಳೆಯಲು ಹೊರಟವನು ನಡುದಾರಿಯಲ್ಲೇ ನಿಂತುಬಿಟ್ಟ. "ಬಿಸಿ, ಬಿಸಿ," ಎನ್ನುತ್ತ ಅಪ್ಪ ಕಾಫಿ ಹಿಡಿದು ಬರುತ್ತಿದ್ದುದು ಕಾಣುತ್ತಿತ್ತು. ಕಾಲು ಮಾತ್ರ ಏಳಲಿಲ್ಲ. ವಿಷ್ಣುಮೂರ್ತಿ ಥಟ್ಟನೆ ಪಕ್ಕಕ್ಕೆ ಹೊರಳಿ ಮೇಜಿಗೆ ಬಡಿದರು. ಕಾಫಿಯೆಲ್ಲ ಅವರ ಮುಂಗೈ ಮೇಲೆ.

"ದಾರಿ ನಿಮ್ದಲ್ವಾ ಅಪ್ಪಯ್ಯ," ಎಂದ ಮಗ. "ನೀವ್ಯಾಕೆ ತಿರುಗಿದ್ದು?"

"ನೀನು ಸರಿಯುದಿಲ್ಲ ಅಂತ ಕಂಡಿತಲ್ಲ ಮಾರಾಯ," ಎಂದು ಅವರು ಕೆಂಪಾದ ಕೈಯನ್ನು ನಲ್ಲಿಗೊಡ್ಡಿದರು.

ಜಯಪ್ರಕಾಶ ಮೇಜಿಗೆ ಮರಳಿದ. ವಕೀಲರ ಫೋನು ಬಂತು. "ಹೇಳಬೇಕಾದ್ದು ನೆನಪಿದೆ ತಾನೆ?" ಎಂದರು.

"ಮೊದಲೇ ಕಂಡಿದ್ದೆ ಸರ್," ಎಂದ ಜಯಪ್ರಕಾಶ. "ಅದನ್ನೇ ಹೇಳ್ತೇನೆ."

ಆ ಕಡೆಯ ಮಾತಿಗೆ ಕಾಯದೆ ಫೋನು ಇಟ್ಟ. ಮೇಜು ಒರೆಸುವವನು ಬಂದು ತಟ್ಟೆ ಎತ್ತಿದ, ಹಡಗಿನ ಲೋಟ ಎತ್ತಿದ. ಬೋಟಿನ ಲೋಟಕ್ಕೆ ಕೈ ಚಾಚಿದಾಗ ಜಯಪ್ರಕಾಶ ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿದ.

"ಇದೊಂದು ಇರಲಿ," ಎಂದ.