ಗೇಟಿನಲ್ಲಿ ನಿಂತ ದಿಬ್ಬಣ

ಸ್ತಾಮೆಂಕಾಳ ಮಗಳ ಮದುವೆ ಶನಿವಾರಕ್ಕೇ ಬಿತ್ತು. ಸ್ತಾಮೆಂಕಾ ಪಟ್ಟಣದ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುವ ದಿನವೂ ಶನಿವಾರವೇ.

"ಒಳ್ಳೇದೇ ಆಯ್ತಲ್ಲಮ್ಮ," ಎಂದಳು ಮಗಳು ಗೋರಿತ್ಸಾ. "ನೀನು ಆಸ್ಪತ್ರೆಗೆ ಹೋಗ್ಬಿಡು. ಅಮ್ಮ ದೊಡ್ಡಮ್ಮನ ಊರಲ್ಲಿ ಕಾಲು ಮುರ್ಕೊಂಡು ಮಲಗಿದಾಳೆ ಅಂತ ಬೀಗರಿಗೆ ಹೇಳಿದೀನಿ."

ಸಾವಾ ನದಿಯ ತಗ್ಗಿನ ಆ ಊರುಗಳಲ್ಲಿ ಮೂತ್ರಪಿಂಡ ಕೆಟ್ಟವರ ಮನೆಯಿಂದ ಹೆಣ್ಣು ತರುವುದಕ್ಕಿಂತ ಬುಟ್ಟಿಯಲ್ಲಿ ಹಾವು ತರುವುದೇ ಮೇಲು ಎನ್ನುವ ಜನ. ಹೆಣ್ಣು ನೋಡಲು ಬೀಗರು ಬಂದ ದಿನ ಸ್ತಾಮೆಂಕಾ ಉರಿಬಿಸಿಲಲ್ಲೂ ತುಂಬುತೋಳಿನ ಉಣ್ಣೆ ಅಂಗಿ ತೊಟ್ಟು, ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ ನರವನ್ನು ಮುಚ್ಚಿಕೊಂಡಿದ್ದಳು. ನೀರನ್ನೂ ಅಳೆದು ಕುಡಿಯಬೇಕಾದವಳು ಅವರೆದುರು ಲೋಟಗಟ್ಟಲೆ ಕುಡಿದು, ಮೂರು ದಿನ ಹಂಡೆಯಂತೆ ಊದಿಕೊಂಡಿದ್ದಳು. ಗುಟ್ಟು ಹೊರಬಿದ್ದರೆ ಮದುವೆ ಮುರಿಯುವುದು ಖಂಡಿತ. ಹಾಗಾಗಿ ಶನಿವಾರ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಹತ್ತಿದಳು.

ವ್ಯಾನಿನಲ್ಲಿ ಅದೇ ಕಾಯಿಲೆಯ ಇನ್ನಿಬ್ಬರಿದ್ದರು: ಮುದುಕ ರಾತೊಮಿರ್, ಮತ್ತು ನಾಲಿಗೆಯಲ್ಲೇ ಮರ ಕಡಿಯಬಲ್ಲ ವಿದೋಸಾವಾ. ಆ ವ್ಯಾನಿನಲ್ಲಿ ಬೈಗುಳವೇ ಅಕ್ಕರೆ.

"ಮಗಳ ಮದುವೆಗೆ ಇದೇ ಅಂಗಿನಾ? ಹೆಣಕ್ಕೂ ಇದಕ್ಕಿಂತ ಒಳ್ಳೇದು ಹಾಕ್ತಾರೆ," ಎಂದಳು ವಿದೋಸಾವಾ.

"ಸುಮ್ನಿರೇ ಮಾರಿ."

"ನಾನು ಸುಮ್ನಿದ್ರೆ ನೀನು ಸತ್ತೇ ಹೋಗ್ತೀಯ."

ಪಟ್ಟಣಕ್ಕೆ ಮುಂಚೆ ರೈಲ್ವೆ ಗೇಟು ಹಾಕಿತ್ತು. ವ್ಯಾನು ನಿಂತಿತು. ಹಿಂದಿನಿಂದ ಕಹಳೆ, ಡೋಲು, ಹಾರ್ನುಗಳ ಅಬ್ಬರ ಕೇಳಿಸಿತು. ಸತ್ತವರೂ ಗೋರಿಯಲ್ಲಿ ಮಗ್ಗುಲು ಬದಲಿಸಬೇಕು, ಅಷ್ಟು ಗದ್ದಲ. ಗೋರಿತ್ಸಾಳದೇ ದಿಬ್ಬಣ! ವರನ ಅಪ್ಪ ಜಿವಾದಿನ್, ಹೂ ಸುತ್ತಿದ ಮರದ ಕುಡಿಕೆ ಹಿಡಿದು ಕಾರಿನಿಂದಿಳಿದ. ದಾರಿಯಲ್ಲಿ ಎದುರಾದವರಿಗೆಲ್ಲ ಅದರಿಂದ ಒಂದು ಗುಟುಕು ಸಾರಾಯಿ ಕುಡಿಸಲೇಬೇಕು. ಬೇಡ ಎಂದರೆ ಮದುಮಗಳಿಗೆ ಕೇಡು ಬಯಸಿದಂತೆ.

"ಅಯ್ಯೋ, ಇತ್ತಲೇ ಬರ್ತಿದಾನೆ. ಅವನಿಗೆ ನನ್ನ ಮುಖ ಗೊತ್ತು!" ಎಂದಳು ಸ್ತಾಮೆಂಕಾ.

ವಿದೋಸಾವಾ ಅವಳ ಜುಟ್ಟು ಹಿಡಿದು ಸೀಟಿನ ಕೆಳಗೆ ತಳ್ಳಿ, ಮೇಲೆ ಕಂಬಳಿ ಎಸೆದು, ಅದರ ಮೇಲೆ ಕಾಲಿಟ್ಟು ಕೂತಳು.

ಜಿವಾದಿನ್ ಬಾಗಿಲು ಸರಿಸಿದ. ಹಿಂದೆಯೇ ಬಿಳಿ ಉಡುಪಿನ ಮದುಮಗಳು.

"ಕುಡೀರಪ್ಪ, ನನ್ನ ಸೊಸೆ ಹೆಸರಲ್ಲಿ!"

ರಾತೊಮಿರನಿಗೆ ವೈದ್ಯರು ಸಾರಾಯಿ ಪೂರ್ತಿ ನಿಲ್ಲಿಸಿದ್ದರು. ಅವನು ಕಣ್ಣು ಮುಚ್ಚಿ ಗುಟುಕರಿಸಿದ. ವಿದೋಸಾವಾಳೂ ಕುಡಿದಳು.

"ಕೆಳಗೆ ಮಲಗಿರೋರು ಯಾರು?" ಎಂದ ಜಿವಾದಿನ್.

"ಅದಾ? ನಮ್ಮೂರ ಬಂಜೆ. ಹೊಟ್ಟೇಲಿ ಒಂದು ಹುಳಾನೂ ಹುಟ್ಲಿಲ್ಲ. ರಾತ್ರಿಯೆಲ್ಲ ಕುಡಿದು ಬಿದ್ದಿದಾಳೆ. ಕೊಡಿಲ್ಲಿ, ಅವಳ ಪಾಲೂ ನಾನೇ ಕುಡೀತೀನಿ." ವಿದೋಸಾವಾ ಕುಡಿಕೆ ಕಿತ್ತುಕೊಂಡು ಗಟಗಟ ಎತ್ತಿದಳು. ವಾರದ ಪಾಲಿನ ನೀರೆಲ್ಲ ಒಂದೇ ಉಸಿರಿಗೆ ಇಳಿಯಿತೇನೋ ಎನ್ನುವಂತೆ.

ಕಂಬಳಿಯ ಅಂಚಿನಿಂದ ಒಂದು ಹಳೆಯ ಚಪ್ಪಲಿ ಇಣುಕುತ್ತಿತ್ತು. ಮದುಮಗಳು ಅದನ್ನು ನೋಡಿದಳು. ಮಾವನಿಗೂ ಚಪ್ಪಲಿಗೂ ನಡುವೆ ಬಂದು ನಿಂತಳು.

"ಪಾಪ," ಎಂದಳು. "ಮಾವ, ಗೇಟು ತೆಗೀತಿದಾರೆ. ನಡೀರಿ, ತಡ ಆಗತ್ತೆ."

ಡೋಲು ದೂರವಾಯಿತು. ಸ್ತಾಮೆಂಕಾ ಕೆಳಗಿಂದ ಎದ್ದಳು. ಕೂದಲಿಗೆಲ್ಲ ಕಸ.

"ನಾನು ಇರೋದು ಅವಳಿಗೆ ಗೊತ್ತಾಯ್ತಾ?"

ರಾತೊಮಿರ್ ಕಿಟಕಿಯ ಕಡೆ ತಿರುಗಿದ. ವಿದೋಸಾವಾ ತಿರುಗಲಿಲ್ಲ. "ಗೊತ್ತಾಯ್ತು. ಅದಕ್ಕೇ ಓಡಿ ಹೋದ್ಲು."

ಸ್ತಾಮೆಂಕಾ ಬಹಳ ಹೊತ್ತು ಕಂಬಳಿ ಮಡಿಸಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಹೇಗೆ ಕಾಣ್ತಿದ್ಲು?"

"ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ನಿಜ ಹೇಳು."

"ಚೆನ್ನಾಗಿ ಕಾಣ್ತಿದ್ಲು ಕಣೇ, ಹಾಳಾದೋಳೇ. ತುಂಬಾ ಚೆನ್ನಾಗಿ ಕಾಣ್ತಿದ್ಲು." ವಿದೋಸಾವಾ ಅವಳ ಉಬ್ಬಿದ ತೋಳನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. "ಈಗ ಅಳು. ಆಸ್ಪತ್ರೇಲಿ ತೂಕಕ್ಕೆ ನಿಲ್ಲಿಸೋದರೊಳಗೆ ಅತ್ತು ಮುಗಿಸು. ಅಷ್ಟಾದ್ರೂ ನೀರು ಇಳೀಲಿ."