ನಡುಕಡವಿನ ಪುಟ

ನಡುಕಡವಿನ ಪುಟದಿಂದ ಅದೇ ಸಾಲು ಮತ್ತೆ ಮಾಯವಾಗಿತ್ತು. ವರ್ಕಾಡಿಯ ಮನೆಯಲ್ಲಿ ಚಹಾ ಕುಡಿಯುತ್ತ ಫೋನು ನೋಡಿದ ನಮಿತಾಳಿಗೆ ಸಿಟ್ಟು ನೆತ್ತಿಗೇರಿತು. ಯಾರು ಬೇಕಾದರೂ ಬರೆಯಬಹುದಾದ ಆ ಆನ್‌ಲೈನ್ ವಿಶ್ವಕೋಶಕ್ಕೆ ಅವಳು ನಿರ್ವಾಹಕಿ. ಪುಟ ಕೆಡಿಸುವವರಿಗೆ ತಡೆ ಹಾಕುವ ಅಧಿಕಾರ ಅವಳಿಗಿತ್ತು.

ಮೊಗ್ರಾಲಿನಲ್ಲಿ ದೋಣಿಯಲ್ಲಿ ಹೊಳೆ ದಾಟುವ ಆ ಕಡವಿನಲ್ಲಿ ಹಿಂದೊಮ್ಮೆ ದೋಣಿ ಮಗುಚಿ ಇಬ್ಬರು ಸತ್ತದ್ದಕ್ಕೆ ಅಂಬಿಗ ಮಮ್ಮಾಲಿ ಕುಡಿದಿದ್ದದ್ದೇ ಕಾರಣ ಎನ್ನುವ ಸಾಲು ಅದು. ಬರೆದವರು ಹಿರಿಯ ಸಂಪಾದಕ ಸುಧೀರ್. ಅಳಿಸುತ್ತಿದ್ದದ್ದು ‘ಹೊಳೆಬದಿ’ ಎಂಬ ಹೊಸ ಖಾತೆ. ಕಾರಣ ಕೇಳಿದರೆ ಉತ್ತರವಿಲ್ಲ. ಎಚ್ಚರಿಸಿದರೆ ಮಾರನೆಯ ದಿನ ಪುನಃ ಅದೇ ಕೆಲಸ.

“ಅದು ಅಶ್ಕರನೇ,” ಎಂದರು ಸುಧೀರ್ ಫೋನಿನಲ್ಲಿ. “ಅವನ ಊರು ಮೊಗ್ರಾಲ್ ಅಲ್ವಾ? ಎರಡು ಖಾತೆ ಇಟ್ಟುಕೊಂಡು ಆಟ ಆಡ್ತಾನೆ ಮಾರಾಯ್ತಿ. ಎರಡಕ್ಕೂ ತಡೆ ಹಾಕಿಬಿಡು.”

ಅಶ್ಕರ್ ಪುಟಗಳಿಗೆ ಒಳ್ಳೊಳ್ಳೆಯ ಚಿತ್ರ ಹಾಕುತ್ತಿದ್ದ ಹುಡುಗ. ನಮಿತಾ ನಂಬಲಿಲ್ಲ. ಆದರೆ ಕಿವಿಗೆ ಬಿದ್ದ ಮಾತು ಸುಮ್ಮನಿರಲು ಬಿಡುವುದೇ? ಪುಟಗಳ ಇತಿಹಾಸ ತೆಗೆದು ನೋಡಿದಳು. ಅಶ್ಕರ್ ಕೆಲಸ ಮುಗಿಸಿದ ಸ್ವಲ್ಪ ಹೊತ್ತಿಗೆ ಹೊಳೆಬದಿ ಕಾಣಿಸಿಕೊಳ್ಳುತ್ತಿತ್ತು. ಇಬ್ಬರೂ ಒಟ್ಟಿಗೆ ಬಂದದ್ದೇ ಇಲ್ಲ. ಶನಿವಾರ ಅವಳು ಬಸ್ಸು ಹತ್ತಿ ನೇರ ಅವನ ಮನೆಗೇ ಹೋದಳು.

ಅವಳನ್ನು ಕಂಡದ್ದೇ ಅಶ್ಕರ್ ಕಂಪ್ಯೂಟರ್ ಆರಿಸಿದ. ಅದನ್ನೂ ಅವಳು ಗಮನಿಸಿದಳು.

“ಹೊಳೆಬದಿ ಯಾರು ಅಶ್ಕರ್?”

“ನನಗೆ ಹೇಗೆ ಗೊತ್ತು ನಮಿತಕ್ಕ?” ಅವನ ಕಣ್ಣು ಒಳಬಾಗಿಲ ಕಡೆ ಓಡಿತು.

“ನನ್ನ ಹತ್ರ ಸುಳ್ಳು ಹೇಳಬೇಡ.”

ಶರಬತ್ತು ಹಿಡಿದು ಬಂದ ಅವನ ತಾಯಿ ರುಖಿಯಾ ಲೋಟ ಕೆಳಗಿಟ್ಟರು. “ಅವನನ್ನು ಬೈಬೇಡ ಮೋಳೆ,” ಎಂದರು ಮಗಳನ್ನು ಕರೆಯುವಂತೆ. “ಅಳಿಸಿದ್ದು ನಾನು, ಅವನು ಎದ್ದ ಮೇಲೆ ಇದೇ ಕಂಪ್ಯೂಟರಲ್ಲಿ. ಮಮ್ಮಾಲಿ ಅಂದ್ರೆ ನನ್ನ ತಂದೆ.”

ನಮಿತಾ ಶರಬತ್ತಿನ ಲೋಟ ಕೈಗೆತ್ತಿಕೊಂಡಳು.

“ಆ ದಿನ ಹೊಳೆಯಲ್ಲಿ ನೆರೆ. ಈಗ ಬೇಡ ಅಂತ ಹೇಳಿದ್ರು ಅವರು, ಮದುವೆಗೆ ಹೋಗುವವರು ಕೇಳಲಿಲ್ಲ. ದೋಣಿ ಮಗುಚಿದ ಮೇಲೆ ನನ್ನ ತಂದೆ ಮತ್ತೆ ದೋಣಿಯ ಹುಟ್ಟು ಮುಟ್ಟಲೇ ಇಲ್ಲ. ಕುಡಿಯುವ ಅಭ್ಯಾಸ ಅವರಿಗೆ ಇರಲೇ ಇಲ್ಲ.”

ಮಗಳು ಇನ್ನೇನು ಹೇಳಿಯಾಳು ಎಂದಿತು ನಮಿತಾಳ ಮನಸ್ಸು. “ಅದನ್ನು ಚರ್ಚಾಪುಟದಲ್ಲಿ ಬರೀಬಹುದಿತ್ತಲ್ಲ?”

“ಬರೆದ್ರೆ ಯಾರು ನೀನು ಅಂತ ಕೇಳ್ತಾರೆ. ಕುಡುಕನ ಮಗಳು ಅಂತ ಹೇಳ್ಲಿಕ್ಕಾ?”

ಬಸ್‌ಸ್ಟಾಪಿನಿಂದಲೇ ಅವಳು ಸುಧೀರ್‌ಗೆ ಫೋನು ಮಾಡಿದಳು. “ಸುಧೀರಣ್ಣ, ನಾನು ಅಶ್ಕರನ ಮನೆಗೆ ಹೋಗಿದ್ದೆ. ಆ ಸಾಲಿಗೆ ಆಧಾರ ಎಂತ ಉಂಟು?”

“ನನ್ನ ಅಜ್ಜ ಹೇಳ್ತಿದ್ರು. ಊರಿಗೆಲ್ಲ ಗೊತ್ತುಂಟು.”

“ಎಲ್ಲಿಯಾದರೂ ಅಚ್ಚಾಗಿದೆಯಾ?”

“ಅವರ ಮನೆ ಶರಬತ್ತು ಕುಡಿದು ಬಂದೆಯಾ?”

ಆ ಮಾತು ಅವಳಿಗೆ ಚುಚ್ಚಿತು. ಇಷ್ಟು ದಿನ ಇದೇ ಬಾಯಿಯ ಮಾತು ನಂಬಿ ಆ ಹುಡುಗನ ಬೆನ್ನು ಹಿಡಿದೆನಲ್ಲ ಎಂದು ನಾಚಿಕೆಯಾಯಿತು.

ಸಂಜೆ ಅವಳು ಆ ಸಾಲನ್ನು ತಾನೇ ತೆಗೆದಳು. ಆಧಾರವಿಲ್ಲದೆ ಅಂಬಿಗ ಕುಡಿದಿದ್ದನೆಂದಾಗಲಿ ಇಲ್ಲವೆಂದಾಗಲಿ ಯಾರೂ ಬರೆಯಬಾರದು ಎಂದು ಚರ್ಚಾಪುಟದಲ್ಲಿ ಹಾಕಿದಳು. ಇನ್ನು ಆ ಪುಟ ಮುಟ್ಟಬೇಡಿ, ಹೇಳುವುದಿದ್ದರೆ ನನಗೆ ಹೇಳಿ ಎಂದು ರುಖಿಯಾರಿಗೆ ತಿಳಿಸಿದಳು. ಸುಧೀರ್‌ಗೆ ಆ ಸಾಲು ಮತ್ತೆ ಸೇರಿಸಬೇಡಿ ಎಂದು ಎಚ್ಚರಿಕೆ ಕೊಟ್ಟಳು.

ಸೋಮವಾರ ಇನ್ನೊಂದು ಹೊಸ ಖಾತೆ ಬಂದು ಅದೇ ಸಾಲನ್ನು ಅಕ್ಷರ ಬಿಡದೆ ತಿರುಗಿ ಸೇರಿಸಿತು. ಯಾರದೆಂದು ಹೇಳಲು ಅವಳಲ್ಲಿ ಸಾಕ್ಷಿಯಿರಲಿಲ್ಲ. ಸಾಲು ತೆಗೆದು, ಯಾರೂ ತಿದ್ದದಂತೆ ಪುಟಕ್ಕೇ ಬೀಗ ಹಾಕಿದಳು. ಸುಧೀರ್ ಮತ್ತೆ ಫೋನು ಮಾಡಲಿಲ್ಲ.

ಅಶ್ಕರ್ ಚಿತ್ರ ಹಾಕುವುದನ್ನು ಮುಂದುವರಿಸಿದ. ಯಾರೂ ಕೇಳದಿದ್ದರೂ ಒಂದೊಂದಕ್ಕೂ ತೆಗೆದದ್ದು ಯಾರು, ಎಲ್ಲಿ ಎಂದು ಉದ್ದಕ್ಕೆ ವಿವರಣೆ ಬರೆಯುತ್ತಿದ್ದ. ನಮಿತಾ ಅದನ್ನು ಓದಿ, ಬೇಡ ಬೇಡವೆಂದುಕೊಂಡೇ, ಚಿತ್ರವನ್ನು ಇನ್ನೊಮ್ಮೆ ತೆರೆದು ಅವನು ಹೇಳಿದ್ದು ನಿಜವೇ ಎಂದು ನೋಡುತ್ತಿದ್ದಳು.